ಮಗುವಿನ ಜ್ವರಕ್ಕೆ ಕೊಟ್ಟಿಗೆಯ ಸಾಕ್ಷಿ



ಬೆಳೆಯ ವಿಚಾರ ಬರೆಯಬೇಕಾದ ಈ ಜಾಗದಲ್ಲಿ ಈ ವಾರ ಮಕ್ಕಳ ಜ್ವರದ ವಿಚಾರ ಬರೆಯುತ್ತಿದ್ದೇನೆ. ನಾನು ಓದಿದ್ದು ಬಿ.ಎಸ್ಸಿ. ಕೃಷಿ. ವೈದ್ಯನಲ್ಲ, ಪಶುವೈದ್ಯನೂ ಅಲ್ಲ. ರಾಗಿ, ಭತ್ತ, ತೆಂಗು ಬಿಟ್ಟು ಇವನಿಗೇಕೆ ಈ ಉಸಾಬರಿ ಎಂದು ನಿಮ್ಮಲ್ಲಿ ಕೆಲವರಿಗೆ ಅನಿಸಬಹುದು. ನನಗೂ ಹಾಗೆಯೇ ಅನಿಸಿ ಒಮ್ಮೆ ಬಾಯಿ ಮುಚ್ಚಿಕೊಂಡಿದ್ದೆ. ಅದರಿಂದ ಆದ ತೊಂದರೆಯೇ ಈ ಬರಹಕ್ಕೆ ಕಾರಣ.

ಮೊದಲು ನಿಮಗೆ ಗೊತ್ತಿರುವ ಸಂಗತಿಯಿಂದ ಹೊರಡೋಣ. ಭತ್ತ ತೆನೆ ಕಟ್ಟುವ ಕಾಲದಲ್ಲಿ ಗದ್ದೆಯ ನಡುವೆ ಅಲ್ಲಲ್ಲಿ ದುಂಡಗೆ ಪೈರು ಒಣಗಿ ನಿಲ್ಲುವುದನ್ನು ನೀವು ಕಂಡಿದ್ದೀರಿ. ನೋಡಿದವರು ನೀರು ಸಾಲದು ಎನ್ನುತ್ತಾರೆ, ನೀರು ಹಾಯಿಸುತ್ತಾರೆ. ಕೆಲವರು ಮೇಲೊಂದಿಷ್ಟು ಯೂರಿಯಾ ಎರಚುತ್ತಾರೆ. ಆದರೆ ಬುಡ ಬಿಡಿಸಿ ನೋಡಿದರೆ ನೀರಿನ ಮಟ್ಟಕ್ಕಿಂತ ತುಸು ಮೇಲೆ ಕಂದು ಜಿಗಿಹುಳು ಮುತ್ತಿಕೊಂಡು ರಸ ಹೀರುತ್ತಿರುತ್ತದೆ. ನಿಂತ ನೀರು, ಹೆಚ್ಚಿನ ಯೂರಿಯಾ ಎರಡೂ ಆ ಹುಳಕ್ಕೆ ಹಬ್ಬದೂಟ. ಮಾಡಬೇಕಾದದ್ದು ನೀರು ಬಸಿದು ತೆಗೆಯುವುದು. ಮಾಡಿದ್ದು ನೀರು ತುಂಬಿಸುವುದು. ಕಣ್ಣಿಗೆ ಎರಡೂ ಒಂದೇ ಬಗೆಯ ಒಣಗು. ಔಷಧ ಮಾತ್ರ ಒಂದಕ್ಕೊಂದು ವಿರುದ್ಧ.

ಮಕ್ಕಳ ದೀರ್ಘ ಜ್ವರದಲ್ಲಿಯೂ ಇಂಥದೇ ಒಂದು ಮೋಸವಿದೆ.

ವಾರಗಟ್ಟಲೆ ಬಿಡದೆ ಬರುವ ಜ್ವರದಲ್ಲಿ ಒಂದು ಬಗೆ ರೋಗಾಣುವಿನಿಂದ ಬರುವುದು. ಇನ್ನೊಂದು ಬಗೆಯಲ್ಲಿ ರೋಗಾಣುವೇ ಇರುವುದಿಲ್ಲ. ದೇಹವನ್ನು ಕಾಯಬೇಕಾದ ಶಕ್ತಿಯೇ ದಾರಿ ತಪ್ಪಿ ತನ್ನದೇ ಕೀಲು, ರಕ್ತನಾಳ, ಚರ್ಮದ ಮೇಲೆ ತಿರುಗಿ ಬೀಳುತ್ತದೆ. ವೈದ್ಯರು ಇವನ್ನು ಉರಿಯೂತದ ಕಾಯಿಲೆಗಳು ಎನ್ನುತ್ತಾರೆ. ಮಕ್ಕಳಿಗೆ ಬರುವ ಕೀಲುವಾತ ಇವುಗಳಲ್ಲಿ ಒಂದು. ಜಪಾನಿನ ವೈದ್ಯ ತೋಮಿಸಾಕು ಕವಾಸಾಕಿ 1967ರಲ್ಲಿ ಮೊದಲು ವಿವರಿಸಿದ, ಹೃದಯದ ರಕ್ತನಾಳಗಳನ್ನು ಉಬ್ಬಿಸುವ ಕವಾಸಾಕಿ ಕಾಯಿಲೆ ಇನ್ನೊಂದು. ಕೊರೊನಾ ಬಂದು ಹೋದ ಕೆಲವು ವಾರಗಳ ನಂತರ ಮಕ್ಕಳಿಗೆ ಬರುತ್ತಿದ್ದ ಬಹು ಅಂಗಗಳ ಉರಿಯೂತವನ್ನು 2020 ಮತ್ತು 2021ರಲ್ಲಿ ನೀವು ಪತ್ರಿಕೆಗಳಲ್ಲಿ ಓದಿದ್ದೀರಿ. ಇಂಥ ಕಾಯಿಲೆಗಳಿಗೆ ಕೊಡುವ ಮುಖ್ಯ ಔಷಧಗಳಲ್ಲಿ ಒಂದಾದ ಸ್ಟೀರಾಯ್ಡ್ ದೇಹದ ಕಾವಲನ್ನು ತಗ್ಗಿಸುತ್ತದೆ. ಉರಿಯೂತದ ಕಾಯಿಲೆಯೇ ಆಗಿದ್ದರೆ ಮಗು ಉಳಿಯುತ್ತದೆ. ಒಳಗೆ ರೋಗಾಣು ಅಡಗಿದ್ದರೆ, ಹುಳು ಬಿದ್ದ ಗದ್ದೆಗೆ ನೀರು ತುಂಬಿಸಿದಂತಾಗುತ್ತದೆ.

ಹಾಗಾದರೆ ರಕ್ತ ಪರೀಕ್ಷೆಯಲ್ಲಿ ತಿಳಿಯುವುದಿಲ್ಲವೇ? ಇಲ್ಲಿಯೇ ತೊಡಕಿರುವುದು. ಇ.ಎಸ್.ಆರ್., ಸಿ.ಆರ್.ಪಿ. ಎಂದು ಚೀಟಿಯಲ್ಲಿ ಬರೆಯುತ್ತಾರಲ್ಲ, ಅವು ಎರಡು ಬಗೆಯಲ್ಲಿಯೂ ಏರುತ್ತವೆ. ಮಕ್ಕಳ ಕೀಲುವಾತದಲ್ಲಿ ಜ್ವರದೊಂದಿಗೆ ಬರುವ ಬಗೆಗೆ ಇದೇ ಎಂದು ಹೇಳಬಲ್ಲ ಒಂದೇ ಒಂದು ಪರೀಕ್ಷೆ ಇಲ್ಲ. ಬೇರೆ ಕಾರಣಗಳನ್ನೆಲ್ಲ ಒಂದೊಂದಾಗಿ ತಳ್ಳಿಹಾಕಿದ ಮೇಲೆಯೇ ವೈದ್ಯರು ಆ ಹೆಸರು ಇಡಬೇಕು. ತಳ್ಳಿಹಾಕಬೇಕಾದರೆ ಆ ಕಾರಣಗಳು ಅವರ ಮನಸ್ಸಿಗೆ ಹೊಳೆಯಬೇಕು. ಪೇಟೆಯ ಆಸ್ಪತ್ರೆಯಲ್ಲಿ ಕುಳಿತವರಿಗೆ ನಿಮ್ಮ ಕೊಟ್ಟಿಗೆ ಕಾಣುವುದಿಲ್ಲ. ಅದನ್ನು ಕಂಡವರು ನೀವು.

ಈಗ ಕಂದು ರೋಗಕ್ಕೆ ಬರುತ್ತೇನೆ. ಕಂದು ಎಂದರೆ ಜಿಗಿಹುಳದ ಬಣ್ಣದ ಕಂದಲ್ಲ, ಗಬ್ಬದ ಹಸು ಕಂದು ಹಾಕುವುದು. ಬ್ರೂಸೆಲ್ಲಾ ಎಂಬ ಸೂಕ್ಷ್ಮಾಣುವಿನಿಂದ ಬರುವ ಈ ರೋಗದಲ್ಲಿ ಹಸು ಎಮ್ಮೆಗಳು ಸಾಮಾನ್ಯವಾಗಿ ಐದು ತಿಂಗಳು ದಾಟಿದ ಮೇಲೆ ಕಂದು ಹಾಕುತ್ತವೆ. ಕಸ ಬೀಳುವುದು ತಡವಾಗುತ್ತದೆ. ಕುರಿ ಮೇಕೆಗಳಲ್ಲಿ ಈಯುವುದಕ್ಕೆ ಮುಂಚಿನ ಕೊನೆಯ ಎರಡು ತಿಂಗಳಲ್ಲಿ ಹೀಗಾಗುತ್ತದೆ. ಒಂದು ಸಲ ಕಂದು ಹಾಕಿದ ಹಸು ಮುಂದಿನ ಸಲ ದಿನ ತುಂಬಿ ಒಳ್ಳೆಯ ಕರು ಹಾಕುವುದೇ ಹೆಚ್ಚು. ಆಗ ಮನೆಯವರು ರೋಗ ಹೋಯಿತು ಎಂದು ನೆಮ್ಮದಿ ಪಡುತ್ತಾರೆ. ಹೋಗಿರುವುದಿಲ್ಲ. ಹಾಲಿನಲ್ಲಿ, ಈದಾಗ ಬೀಳುವ ಕಸದಲ್ಲಿ, ಮೈಲಿಗೆ ನೀರಿನಲ್ಲಿ ಆ ಸೂಕ್ಷ್ಮಾಣು ಬರುತ್ತಲೇ ಇರುತ್ತದೆ.

ಮನುಷ್ಯರಿಗೆ ಬರುವ ಮುಖ್ಯ ದಾರಿ ಎರಡು. ಕಾಯಿಸದ ಹಾಲು ಒಂದು. ಕಂದು, ಕಸಗಳನ್ನು ಬರಿಗೈಯಲ್ಲಿ ಮುಟ್ಟುವುದು ಇನ್ನೊಂದು. ಕೈಯ ಗೀರು ಗಾಯ ಸಾಕು, ಕಣ್ಣಿಗೆ ಸಿಡಿದರೂ ಸಾಕು. ಒಳಹೊಕ್ಕ ಮೇಲೆ ಹೆಚ್ಚಾಗಿ ಒಂದರಿಂದ ನಾಲ್ಕು ವಾರಗಳಲ್ಲಿ, ಕೆಲವೊಮ್ಮೆ ತಿಂಗಳುಗಳು ಕಳೆದ ಮೇಲೆ ಜ್ವರ ಬರುತ್ತದೆ. ಸಂಜೆ ಏರುತ್ತದೆ, ಬೆವರು ಬಿಟ್ಟು ಇಳಿಯುತ್ತದೆ, ಮತ್ತೆ ಬರುತ್ತದೆ. ಮಗು ಊಟ ಬಿಡುತ್ತದೆ, ತೂಕ ಕಳೆದುಕೊಳ್ಳುತ್ತದೆ. ಮಂಡಿಯೋ ಸೊಂಟದ ಕೀಲೋ ಊದಿಕೊಂಡು ಕುಂಟುತ್ತದೆ. ಈಗ ನೀವೇ ಹೇಳಿ, ಇದನ್ನು ನೋಡಿದವರು ಕೀಲುವಾತ ಎನ್ನದೆ ಇನ್ನೇನೆಂದಾರು?

ನನ್ನ ಹೋಬಳಿಯಲ್ಲಿ ಒಂಬತ್ತು ವರ್ಷದ ಒಬ್ಬ ಹುಡುಗನಿಗೆ ಆದದ್ದು ಇದೇ. ಊರು, ಹೆಸರು ಹೇಳುವುದಿಲ್ಲ. ಅವರ ಜಮೀನಿನ ಮಣ್ಣು ಮಾದರಿ ತೆಗೆಯಲು ಹೋಗಿದ್ದೆ. ತಿಪ್ಪೆಯ ಹತ್ತಿರ ಎರಡು ನಾಯಿಗಳು ಏನನ್ನೋ ಎಳೆದಾಡುತ್ತಿದ್ದವು. ಹುಡುಗನ ಅಜ್ಜಿ ಕೋಲು ಹಿಡಿದು ಓಡಿಸುತ್ತಾ, "ನೆನ್ನೆ ಸೀಮೆಹಸ ಕಂದಾಕ್ಬುಡ್ತು ಕಣಪ್ಪಾ, ಏಳು ತಿಂಗಳಾಗಿತ್ತು" ಎಂದರು. ಕಸ ಬೀಳಲಿಲ್ಲವೆಂದು ಮನೆಯ ಯಜಮಾನರೇ ಕೈಹಾಕಿ ಎಳೆದರಂತೆ, ಹುಡುಗ ಲಾಟೀನು ಹಿಡಿದಂತೆ ಬ್ಯಾಟರಿ ಹಿಡಿದು ಪಕ್ಕದಲ್ಲೇ ನಿಂತಿದ್ದನಂತೆ. ಆ ಮನೆಯಲ್ಲಿ ಹುಡುಗನಿಗೆ ದಿನವೂ ಕರೆದ ಬಿಸಿಯಲ್ಲೇ ಒಂದು ಲೋಟ ನೊರೆಹಾಲು ಕೊಡುವ ರೂಢಿಯೂ ಇತ್ತು. ನಾನು ಅಯ್ಯೋ ಪಾಪ ಎಂದೆ, ಮಣ್ಣಿನ ಚೀಲಕ್ಕೆ ಚೀಟಿ ಕಟ್ಟಿದೆ, ಕಾಫಿ ಕುಡಿದು ಬಂದೆ. ಕಂದು ರೋಗ ಮನುಷ್ಯರಿಗೆ ಅಂಟುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಕಾಲೇಜಿನಲ್ಲಿ ಓದಿದ ಪಶುಸಂಗೋಪನೆಯ ಪಾಠದಲ್ಲಿ ಅದೊಂದು ಪುಟವಿತ್ತು. ಅದು ಪಶುಸಂಗೋಪನಾ ಇಲಾಖೆಯವರ ವಿಚಾರ, ನನ್ನದಲ್ಲ ಎಂದುಕೊಂಡೆ.

ಒಂದು ತಿಂಗಳಿಗೆ ಹುಡುಗನಿಗೆ ಜ್ವರ. ಹತ್ತಿರದ ಊರಿನಲ್ಲಿ ಟೈಫಾಯ್ಡ್ ಎಂದರು. ನಮ್ಮ ಕಡೆ ಯಾವ ಜ್ವರವಾದರೂ ಮೊದಲು ಟೈಫಾಯ್ಡೇ. ವಾರ ಮಾತ್ರೆ ಕೊಟ್ಟರು, ಇಳಿಯಿತು, ಮತ್ತೆ ಬಂತು. ಸೊಂಟದ ಕೀಲು ಹಿಡಿದು ನಡೆಯಲಾರದಾದ. ಆಗ ಒಂದು ದೊಡ್ಡ ಆಸ್ಪತ್ರೆಗೆ ಒಯ್ದರು. ಮಕ್ಕಳ ಕೀಲುವಾತ ಇರಬಹುದು ಎಂದು ಸ್ಟೀರಾಯ್ಡ್ ಆರಂಭಿಸಿದರು. ಹತ್ತು ದಿನ ಹುಡುಗ ಎದ್ದು ಓಡಾಡಿದ, ಮನೆಯವರು ದೇವರಿಗೆ ಕಾಯಿ ಒಡೆದರು. ಸ್ಟೀರಾಯ್ಡ್ ಜ್ವರವನ್ನೂ ನೋವನ್ನೂ ಮರೆಮಾಡುತ್ತದೆ ಎಂಬುದನ್ನು ನಾವು ನೆನಪಿಡಬೇಕು, ಅದು ರೋಗ ಇಳಿದ ಗುರುತಲ್ಲ. ಅನಂತರ ಬಂದ ಜ್ವರ ಮೊದಲಿನದಕ್ಕಿಂತ ಜೋರಾಗಿತ್ತು.

ಮತ್ತೊಂದು ಆಸ್ಪತ್ರೆಯಲ್ಲಿ ಒಬ್ಬ ಕಿರಿಯ ವೈದ್ಯೆ, "ಮನೆಯಲ್ಲಿ ದನಕರು ಇವೆಯಾ? ಈಚೆಗೆ ಯಾವುದಾದರೂ ಕಂದು ಹಾಕಿತ್ತಾ?" ಎಂದು ಕೇಳಿದರಂತೆ. ತಂದೆ "ಇಲ್ಲ ಮೇಡಂ" ಎಂದುಬಿಟ್ಟರು. ಸುಳ್ಳು ಹೇಳುವ ಮನುಷ್ಯರಲ್ಲ ಅವರು. ಊರಲ್ಲಿ ಸುದ್ದಿಯಾದರೆ ಡೇರಿಯಲ್ಲಿ ಹಾಲು ಬೇಡವೆಂದಾರು ಎಂಬ ಭಯ, ಜೊತೆಗೆ ಆ ಹೊತ್ತಿಗೆ ಹಸುವನ್ನು ಸಂತೆಯಲ್ಲಿ ಮಾರಿಯಾಗಿತ್ತು. ಬಾಗಿಲ ಬಳಿ ಕುಳಿತಿದ್ದ ಅಜ್ಜಿ, "ಕಂದಾಕ್ಲಿಲ್ವೇನ್ಲಾ ಶ್ರಾವಣದಲ್ಲಿ?" ಎಂದು ಮಗನನ್ನು ಗದರಿದ್ದರಿಂದ ಹುಡುಗ ಉಳಿದ. ಅದೇ ದಿನ ರಕ್ತ ತೆಗೆದರು. ರೋಸ್ ಬೆಂಗಾಲ್ ಎಂಬ ಪರೀಕ್ಷೆ ಇದೆ. ಗುಲಾಬಿ ಬಣ್ಣದ ಒಂದು ಹನಿಗೆ ರಕ್ತದ ತಿಳಿಯ ಒಂದು ಹನಿ ಸೇರಿಸಿ ಅಲುಗಾಡಿಸಿದರೆ ನಾಲ್ಕು ನಿಮಿಷದೊಳಗೆ ಮೊಸರು ಒಡೆದಂತೆ ಗರಣೆ ಕಟ್ಟುತ್ತದೆ. ದನಗಳಿಗೂ ಇದೇ ಪರೀಕ್ಷೆ ಮಾಡುತ್ತಾರೆ. ಅದರಲ್ಲಿ ಕಂಡದ್ದನ್ನು ಇನ್ನೊಂದು ಪರೀಕ್ಷೆಯಿಂದ ಖಚಿತ ಮಾಡಿಕೊಂಡು, ಡಾಕ್ಸಿಸೈಕ್ಲಿನ್, ರಿಫಾಂಪಿಸಿನ್ ಎಂಬ ಎರಡು ಔಷಧಗಳನ್ನು ಆರು ವಾರ ಕೊಟ್ಟರು. ಎಂಟು ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ ಬೇರೆ ಜೋಡಿ ಔಷಧ ಕೊಡುತ್ತಾರೆ. ರಿಫಾಂಪಿಸಿನ್ ತೆಗೆದುಕೊಂಡರೆ ಮೂತ್ರ ಕೆಂಪಗೆ ಹೋಗುತ್ತದೆ. ಇದನ್ನು ಕಂಡು ಗಾಬರಿಯಾಗಿ ಮಾತ್ರೆ ನಿಲ್ಲಿಸಿದವರುಂಟು, ನಿಲ್ಲಿಸಬಾರದು. ಜ್ವರ ಬಿಟ್ಟಿತೆಂದು ಎರಡು ವಾರಕ್ಕೇ ಮಾತ್ರೆ ಬಿಟ್ಟರೂ ರೋಗ ಮರುಕಳಿಸುತ್ತದೆ.

ಹುಡುಗನನ್ನು ನೋಡಲು ಹೋದಾಗ ತಂದೆ ನನಗೆ ಒಂದೇ ಮಾತು ಹೇಳಿದರು: "ನಿಮ್ಗೂ ಗೊತ್ತಿತ್ತಲ್ಲ ಸಾರ್." ನಾನು ಉತ್ತರ ಕೊಡಲಿಲ್ಲ.

ಪ್ರಾಣಿಯ ಕಡೆ ನೋಡದೆ ಮನುಷ್ಯರ ಜ್ವರಕ್ಕೆ ಕಾರಣ ಹುಡುಕಿದ ಕಥೆ ಹೊಸದಲ್ಲ. ಮೆಡಿಟರೇನಿಯನ್ ಸಮುದ್ರದ ಮಾಲ್ಟಾ ದ್ವೀಪದಲ್ಲಿ ಬ್ರಿಟಿಷ್ ಸಿಪಾಯಿಗಳು ವರ್ಷವರ್ಷವೂ ಇಂಥ ಜ್ವರದಿಂದ ನರಳುತ್ತಿದ್ದರು. 1887ರಲ್ಲಿ ಡೇವಿಡ್ ಬ್ರೂಸ್ ಎಂಬ ಸೇನಾ ವೈದ್ಯ, ಸತ್ತವರ ಗುಲ್ಮದಿಂದ ಸೂಕ್ಷ್ಮಾಣುವನ್ನು ಬೇರ್ಪಡಿಸಿದ. ರೋಗಾಣು ಸಿಕ್ಕಿತು, ಎಲ್ಲಿಂದ ಬರುತ್ತದೆ ಎಂಬುದು ಮಾತ್ರ ಮುಂದಿನ 18 ವರ್ಷ ತಿಳಿಯಲಿಲ್ಲ. 1905ರಲ್ಲಿ ಅದೇ ದ್ವೀಪದ ವೈದ್ಯ ಥೆಮಿಸ್ಟೋಕ್ಲಿಸ್ ಜಾಮಿಟ್ ಪ್ರಯೋಗಕ್ಕೆಂದು ತಂದ ಮೇಕೆಗಳ ರಕ್ತ ಪರೀಕ್ಷಿಸಿದರೆ, ನೋಡಲು ಗಟ್ಟಿಮುಟ್ಟಾಗಿದ್ದ ಆ ಮೇಕೆಗಳಲ್ಲಿ ಆಗಲೇ ರೋಗವಿತ್ತು. ಅಲ್ಲಿ ಮೇಕೆಗಳನ್ನು ಮನೆಬಾಗಿಲಿಗೇ ತಂದು ಹಾಲು ಕರೆದು ಕೊಡುವ ಪದ್ಧತಿ. 1906ರಲ್ಲಿ ಸಿಪಾಯಿಗಳಿಗೆ ಮೇಕೆ ಹಾಲು ಕೊಡುವುದನ್ನು ನಿಲ್ಲಿಸಿದರು, ದಂಡಿನಲ್ಲಿ ಜ್ವರ ಆ ವರ್ಷವೇ ತಟಕ್ಕನೆ ಇಳಿಯಿತು. ಹಸು ಕಂದು ಹಾಕಲು ಕಾರಣವಾದ ಸೂಕ್ಷ್ಮಾಣುವನ್ನು ಡೆನ್ಮಾರ್ಕಿನ ಪಶುವೈದ್ಯ ಬರ್ನ್‌ಹಾರ್ಡ್ ಬ್ಯಾಂಗ್ 1897ರಲ್ಲಿಯೇ ಕಂಡುಹಿಡಿದಿದ್ದ. ಎರಡೂ ಒಂದೇ ಕುಲದವು ಎಂದು ತಿಳಿಯಲು ಇನ್ನೂ ಎಷ್ಟೋ ವರ್ಷ ಬೇಕಾಯಿತು. ಮನುಷ್ಯರ ವೈದ್ಯರು ಒಂದು ಕಡೆ, ದನದ ವೈದ್ಯರು ಇನ್ನೊಂದು ಕಡೆ. ಇವತ್ತು ನಮ್ಮ ತಾಲ್ಲೂಕು ಕೇಂದ್ರದಲ್ಲಿಯೂ ಆರೋಗ್ಯ ಇಲಾಖೆ, ಪಶುಸಂಗೋಪನಾ ಇಲಾಖೆ, ನಮ್ಮ ಕೃಷಿ ಇಲಾಖೆ ಒಂದೇ ರಸ್ತೆಯಲ್ಲಿವೆ. ಮೂವರೂ ಒಂದೇ ಮನೆಗೆ ಬೇರೆ ಬೇರೆ ದಿನ ಹೋಗಿಬರುತ್ತೇವೆ. ಕಂಡದ್ದನ್ನು ಒಬ್ಬರು ಇನ್ನೊಬ್ಬರಿಗೆ ಹೇಳುವುದಿಲ್ಲ.

ವೇಷ ಹಾಕುವ ರೋಗ ಇದೊಂದೇ ಅಲ್ಲ. ಮಳೆಗಾಲ ಹಿಂದಾಗಿ ಚಳಿ ಬೀಳುವ ತನಕ ಪೊದೆ, ಬೇಲಿ, ಹುಲ್ಲುಗಾವಲುಗಳಲ್ಲಿ ಒಂದು ಬಗೆಯ ನುಸಿಯ ಮರಿ ಇರುತ್ತದೆ. ತೆಂಗಿನ ಕಾಯಿಗೆ ಬರುವ ನುಸಿಯಂತೆ ಇದೂ ಬರಿಗಣ್ಣಿಗೆ ಸಿಗುವುದು ಕಷ್ಟ. ಇದು ಕಚ್ಚಿದರೆ ಸ್ಕ್ರಬ್ ಟೈಫಸ್ ಎಂಬ ಜ್ವರ ಬರುತ್ತದೆ, ನಮ್ಮ ರಾಜ್ಯದಲ್ಲಿಯೂ ಇದೆ. ಮೈಮೇಲೆ ಗಂಧೆ, ಕೆಂಗಣ್ಣು, ಊದಿದ ಗಡ್ಡೆ, ದಪ್ಪಗಾದ ಯಕೃತ್ತು ಎಲ್ಲ ಸೇರಿ ಕವಾಸಾಕಿ ಕಾಯಿಲೆಯಂತೆ, ಕೊರೊನಾ ನಂತರದ ಉರಿಯೂತದಂತೆ ಕಾಣುತ್ತದೆ. ನಮ್ಮ ದೇಶದ ಆಸ್ಪತ್ರೆಗಳಲ್ಲಿ ಹೀಗೆ ಒಂದನ್ನು ಇನ್ನೊಂದೆಂದು ತಿಳಿದ ಉದಾಹರಣೆಗಳನ್ನು ವೈದ್ಯರೇ ಬರೆದಿಟ್ಟಿದ್ದಾರೆ. ಸ್ಕ್ರಬ್ ಟೈಫಸ್‌ಗೆ ಬೇಕಾದ ಮಾತ್ರೆ ಅಗ್ಗದ್ದು, ಸರಿಯಾಗಿ ಬಿದ್ದರೆ ಹೆಚ್ಚಾಗಿ ಎರಡು ದಿನಕ್ಕೆ ಜ್ವರ ಬಿಡುತ್ತದೆ. ಉರಿಯೂತವೆಂದು ತಿಳಿದರೆ ಕೊಡುವ ಇಂಜೆಕ್ಷನ್ ಒಂದು ಜೊತೆ ಎತ್ತಿನ ಬೆಲೆಗೂ ಏರಬಹುದು.

ಇದಕ್ಕೊಂದು ಗುರುತಿದೆ, ಮನೆಯ ತಾಯಂದಿರು ಹುಡುಕಬಲ್ಲದ್ದು. ನುಸಿ ಕಚ್ಚಿದ ಜಾಗದಲ್ಲಿ ಬೀಡಿಯಿಂದ ಸುಟ್ಟಂತೆ ಒಂದು ಕಪ್ಪು ಹಕ್ಕಳೆ ಕಟ್ಟಿರುತ್ತದೆ. ನೋವಿಲ್ಲ, ತುರಿಕೆಯಿಲ್ಲ, ಆದ್ದರಿಂದ ಮಗು ಹೇಳುವುದಿಲ್ಲ. ಕಂಕುಳು, ತೊಡೆಸಂದು, ಉಡುದಾರದ ಕೆಳಗೆ, ಕಿವಿಯ ಹಿಂದೆ, ತಲೆಗೂದಲಿನ ಒಳಗೆ ನೋಡಿ. ಎಲ್ಲ ಮಕ್ಕಳಲ್ಲಿಯೂ ಅದು ಇರುವುದಿಲ್ಲ. ಇಲ್ಲವೆಂದ ಮಾತ್ರಕ್ಕೆ ರೋಗವಿಲ್ಲ ಎಂದಲ್ಲ. ಗದ್ದೆಯ ಕೆಸರಿನಲ್ಲಿ, ಇಲಿಯ ಮೂತ್ರ ಸೇರಿದ ನೀರಿನಲ್ಲಿ ಓಡಾಡಿದವರಿಗೆ ಬರುವ ಇಲಿಜ್ವರವೂ ಕೆಂಗಣ್ಣು, ಮೀನಖಂಡದ ನೋವುಗಳೊಂದಿಗೆ ಇದೇ ಆಟ ಆಡುತ್ತದೆ. ಕ್ಷಯವಂತೂ ಎಲ್ಲ ರೋಗಗಳ ವೇಷವನ್ನೂ ಹಾಕಬಲ್ಲದು.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು. ಇದನ್ನು ಓದಿ ಯಾರೂ ವೈದ್ಯರು ಬರೆದ ಸ್ಟೀರಾಯ್ಡ್ ಮಾತ್ರೆಯನ್ನು ತಾವಾಗಿ ನಿಲ್ಲಿಸತಕ್ಕದ್ದಲ್ಲ. ಹಠಾತ್ತನೆ ನಿಲ್ಲಿಸಿದರೆ ಅಪಾಯ. ನಿಜವಾದ ಕವಾಸಾಕಿ ಕಾಯಿಲೆಯಲ್ಲಿ ಜ್ವರ ಆರಂಭವಾದ ಹತ್ತು ದಿನದೊಳಗೆ ಚಿಕಿತ್ಸೆ ಸಿಗದಿದ್ದರೆ ಮಗುವಿನ ಹೃದಯಕ್ಕೆ ಕುತ್ತು. ಮಗು ತೀರಾ ಬಳಲಿದ್ದಾಗ ವೈದ್ಯರು ಎರಡಕ್ಕೂ ಒಟ್ಟಿಗೆ ಔಷಧ ಕೊಡುವುದೂ ಉಂಟು. ಔಷಧ ಯಾವುದೆಂದು ತೀರ್ಮಾನಿಸುವುದು ಅವರ ಕೆಲಸ. ಸಾಕ್ಷಿ ಹೇಳುವುದು ನಮ್ಮ ಕೆಲಸ.

ಆ ಸಾಕ್ಷಿಯನ್ನು ಕೇಳುವ ತನಕ ಕಾಯಬೇಡಿ. ವಾರಕ್ಕೆ ಮೀರಿದ ಜ್ವರವೆಂದು ಮಗುವನ್ನು ಕರೆದೊಯ್ದಾಗ ನೀವೇ ಬಾಯಿಬಿಟ್ಟು ಹೇಳಿ: ಮನೆಯಲ್ಲಿ ಇಂಥ ದನ, ಇಷ್ಟು ಮೇಕೆ ಇವೆ. ಇಂಥ ತಿಂಗಳಲ್ಲಿ ಒಂದು ಕಂದು ಹಾಕಿತು. ಮಗು ಹಸಿ ಹಾಲು ಕುಡಿಯುತ್ತದೆ. ಬೇಲಿ ಸಾಲಿನಲ್ಲಿ ಆಡುತ್ತದೆ. ಮನೆಯಲ್ಲಿ ಇಂಥವರಿಗೆ ಕೆಮ್ಮಿತ್ತು. ಇದುವರೆಗೆ ನುಂಗಿಸಿದ ಮಾತ್ರೆಗಳ ಚೀಟಿ, ಖಾಲಿ ಹಾಳೆ ಎಲ್ಲವನ್ನೂ ಒಯ್ಯಿರಿ. ಕೆಲವು ವೈದ್ಯರು ಅವಸರದಲ್ಲಿ ಸಿಡುಕಬಹುದು, ಸಿಡುಕಲಿ. ಕಂದು ರೋಗದ ಅನುಮಾನವಿದೆ ಎಂದು ಮೊದಲೇ ತಿಳಿದರೆ ಪ್ರಯೋಗಾಲಯದವರಿಗೂ ಅನುಕೂಲ. ಆ ಸೂಕ್ಷ್ಮಾಣು ನಿಧಾನವಾಗಿ ಬೆಳೆಯುವಂಥದು, ಅವರಿಗೇ ಅಂಟುವಂಥದೂ ಹೌದು.

ಇನ್ನು ನೊರೆಹಾಲಿನ ವಿಚಾರ. ಕಾಯಿಸಿದರೆ ಹಾಲಿನ ಸತ್ವ ಹೋಗುತ್ತದೆ ಎಂದು ಹಿರಿಯರು ವಾದಿಸುತ್ತಾರೆ. ಹಿರಿಯರ ಮೇಲಿನ ಗೌರವ ಇಟ್ಟುಕೊಂಡೇ ಹೇಳುತ್ತೇನೆ, ಉಕ್ಕು ಬರುವಂತೆ ಕಾಯಿಸಿದ ಹಾಲಿನಲ್ಲಿ ಸೂಕ್ಷ್ಮಾಣು ಸಾಯುತ್ತದೆ, ಹುಡುಗ ಬೆಳೆಯಲು ಬೇಕಾದದ್ದು ಉಳಿಯುತ್ತದೆ. ಮೇಕೆ ಹಾಲು ಔಷಧವೆಂದು ಹಸಿಯಾಗಿ ಕುಡಿಸುವುದು ಇದಕ್ಕಿಂತ ಕೆಟ್ಟದ್ದು, ಮೇಕೆಯಿಂದ ಬರುವ ಬಗೆಯೇ ಮನುಷ್ಯರನ್ನು ಹೆಚ್ಚು ಕಾಡುವುದು. ಕಂದು, ಕಸಗಳನ್ನು ತಿಪ್ಪೆಗೆ ಎಸೆಯದೆ ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಿರಿ. ನೆರಳಿನ ತಂಪಿನಲ್ಲಿ ಈ ಸೂಕ್ಷ್ಮಾಣು ತಿಂಗಳುಗಟ್ಟಲೆ ಬದುಕುತ್ತದೆ, ಬಿಸಿಲಿಗೆ ಬಿದ್ದರೆ ಬೇಗ ಸಾಯುತ್ತದೆ. ಕಸ ತೆಗೆಯಲು ಪಶುವೈದ್ಯರನ್ನು ಕರೆಸಿ. 1962ಕ್ಕೆ ದೂರವಾಣಿ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನದವರು ಸಿಗುತ್ತಾರೆ. ಮಕ್ಕಳನ್ನು, ಬಸುರಿಯರನ್ನು ಆ ಹೊತ್ತಿನಲ್ಲಿ ಕೊಟ್ಟಿಗೆಗೆ ಬಿಡಬೇಡಿ.

ಲಸಿಕೆಯೂ ಇದೆ. ಕಾಲುಬಾಯಿ ಜ್ವರ ಮತ್ತು ಕಂದು ರೋಗಗಳ ವಿರುದ್ಧ ಕೇಂದ್ರ ಸರ್ಕಾರ 2019ರ ಸೆಪ್ಟೆಂಬರಿನಲ್ಲಿ ಆರಂಭಿಸಿದ ಕಾರ್ಯಕ್ರಮದಲ್ಲಿ 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಕಂದು ರೋಗದ ಲಸಿಕೆ ಹಾಕುತ್ತಾರೆ. ಆಯುಸ್ಸಿಗೆ ಒಂದೇ ಸಲ. ವಯಸ್ಸು ಮೀರಿದರೆ ಹಾಕುವಂತಿಲ್ಲ, ಗಬ್ಬದ ಹಸುವಿಗಂತೂ ಹಾಕಲೇಬಾರದು, ಲಸಿಕೆಯಿಂದಲೇ ಕಂದು ಹಾಕೀತು. ಕರುವಿಗೆ ಎರಡು ದಿನ ಮೈ ಬಿಸಿಯಾಗುತ್ತದೆ ಎಂದು ಲಸಿಕೆಯವರು ಬಂದಾಗ ಕರುವನ್ನು ಹಿತ್ತಲಿಗೆ ಅಟ್ಟುವವರನ್ನು ನಾನು ನೋಡಿದ್ದೇನೆ. ಅವರ ಮೇಲೆ ನನಗೆ ಸಿಟ್ಟಿದೆ.

ಕಂದು ಹಾಕಿದ್ದನ್ನು ಮುಚ್ಚಿಡುವವರ ಮೇಲೆ ಅಷ್ಟು ಸಿಟ್ಟು ಮಾಡಲಾರೆ. ಹೇಳಿಕೊಂಡವನಿಗೆ ಆಗುವುದು ನಷ್ಟವೇ. ಹಸುವಿನ ಬೆಲೆ ಬೀಳುತ್ತದೆ, ನೆರೆಯವರು ದೂರ ಇಡುತ್ತಾರೆ, ಕೈಗೆ ಕಾಸು ಬರುವುದಿಲ್ಲ. ಪರಿಹಾರದ ಹಣವಿಲ್ಲದೆ ಸತ್ಯ ಹೇಳಿ ಎಂದು ಬಡ ರೈತನಿಗೆ ಉಪದೇಶ ಮಾಡುವುದು ಸುಲಭ. ರೋಗ ಖಚಿತವಾದ ಹಸುವಿನ ಬೆಲೆಯ ಒಂದು ಭಾಗವನ್ನಾದರೂ ಸರ್ಕಾರವೋ ಹಾಲು ಒಕ್ಕೂಟವೋ ತುಂಬಿಕೊಡಬೇಕು ಎಂಬುದು ನನ್ನ ಅಭಿಪ್ರಾಯ. ನೌಕರಿಯಲ್ಲಿದ್ದುಕೊಂಡು ಇದನ್ನು ಬರೆಯಬಹುದೇ ಎಂದು ಯಾರಾದರೂ ಕೇಳಿದರೆ ಆಗ ನೋಡಿಕೊಳ್ಳೋಣ. ಅಲ್ಲಿಯ ತನಕ ಹಾಲಿನ ಸಂಘಗಳು ಕನಿಷ್ಠ ಪಕ್ಷ ಹಾಲಿನ ಉಂಗುರ ಪರೀಕ್ಷೆಯನ್ನು ಕಾಲಕಾಲಕ್ಕೆ ಮಾಡಿಸಬಹುದು. ಬಣ್ಣ ಕಟ್ಟಿದ ದ್ರಾವಣವನ್ನು ಹಾಲಿಗೆ ಬೆರೆಸಿಟ್ಟರೆ, ರೋಗವಿರುವ ಹಾಲಿನ ಕೆನೆಯಲ್ಲಿ ನೀಲಿ ಉಂಗುರ ಏಳುತ್ತದೆ. ಯಾರ ಹೆಸರನ್ನೂ ಹೇಳದೆ ಊರಿನಲ್ಲಿ ರೋಗವಿದೆಯೇ ಇಲ್ಲವೇ ಎಂಬುದಾದರೂ ತಿಳಿಯುತ್ತದೆ.

ಹುಡುಗ ಈಗ ಶಾಲೆಗೆ ಹೋಗುತ್ತಿದ್ದಾನೆ. ಎಡಗಾಲು ಸ್ವಲ್ಪ ಎಳೆದು ಹಾಕುತ್ತಾನೆ. ಸರಿಹೋಗಬಹುದು ಎಂದಿದ್ದಾರೆ ವೈದ್ಯರು. ಮನೆಯ ಉಳಿದ ಮೂರು ದನಗಳ ರಕ್ತ ಪರೀಕ್ಷೆಯಾಗಿದೆ.

ಉಳಿದಿರುವುದು ಮಾರಿಹೋದ ಹಸು. ತಂದೆ ಎರಡು ವಾರ ಸಂತೆಗೆ ಹೋಗಿ ದಲ್ಲಾಳಿಯನ್ನು ಹಿಡಿದು ಕೇಳಿದರು, ಕೊಂಡವರು ಯಾರೆಂದು ಅವನಿಗೆ ನೆನಪಿಲ್ಲವಂತೆ. ಕಿವಿಯೋಲೆಯ 12 ಅಂಕಿಯ ಸಂಖ್ಯೆಯನ್ನು ಪಶುವೈದ್ಯರಿಗೆ ಕೊಟ್ಟಿದ್ದೇವೆ, ಈವರೆಗೆ ಪತ್ತೆಯಾಗಿಲ್ಲ. ಎಚ್.ಎಫ್. ಮಿಶ್ರತಳಿ, ಎರಡನೆಯ ಸೂಲು, ಕಪ್ಪು ಮೈ, ಹಣೆಯಲ್ಲಿ ಬಿಳಿ ಚುಕ್ಕೆ, ಎಡ ತೊಡೆಯ ಮೇಲೆ ಅಂಗೈಯಗಲದ ಬಿಳಿ ಮಚ್ಚೆ, ಬಾಲದ ಕುಚ್ಚು ಬಿಳಿ. ಶ್ರಾವಣ ಕಳೆದ ಮೇಲೆ ಸಂತೆಯಲ್ಲಿ ಇಂಥ ಹಸು ಕೊಂಡವರು ನಿಮ್ಮಲ್ಲಿ ಯಾರಾದರೂ ಇದ್ದರೆ, ಹಾಲು ಕಾಯಿಸದೆ ಮಕ್ಕಳಿಗೆ ಕೊಡಬೇಡಿ. ನಿಮ್ಮ ಊರಿನ ಪಶು ಆಸ್ಪತ್ರೆಗೋ ಹತ್ತಿರದ ರೈತ ಸಂಪರ್ಕ ಕೇಂದ್ರಕ್ಕೋ ಒಂದು ಮಾತು ತಿಳಿಸಿ. ಹಣ ಹಿಂದಿರುಗಿಸಿ ಹಸುವನ್ನು ವಾಪಸು ಹೊಡೆದುಕೊಂಡು ಬರಲು ತಂದೆ ಸಿದ್ಧರಿದ್ದಾರೆ.